ಮೇಷ್ಟ್ರು ಒಳಗೇ ಉಳಿದ ಸಂಜೆ

ನನಗೆ ಬೀಜಗಣಿತ ಕಲಿಸಿದ ಮೇಷ್ಟ್ರ ಮನೆಯ ಗೋಡೆ ಗೆದ್ದಲು ತಿಂದು ಬಿತ್ತೆಂದು ನಮ್ಮೂರಿನ ದೊಡ್ಡವರು ಅಧಿಕಾರಿಗಳ ಮುಂದೆ ಹೇಳಿದ್ದು ಸುಳ್ಳು. ಅದು ಕಲ್ಲುಕ್ವಾರಿಯ ಮದ್ದಿಗೆ ಬಿತ್ತು. ಬೀಳುವಾಗ ಮೇಷ್ಟ್ರು ಅದರ ಒಳಗಿರುವಂತೆ ಮಾಡಿದವರೂ ಅದೇ ದೊಡ್ಡವರು. ಇಷ್ಟು ವರ್ಷ ಇದನ್ನು ಬಾಯಲ್ಲಿ ಹೇಳುತ್ತ ಬಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವಾದ್ದರಿಂದ ಈಗ ಬರೆಯುತ್ತಿದ್ದೇನೆ. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ತಿಳಿಯಬೇಕಾದವರಿಗೆ ತಿಳಿಯುತ್ತದೆ.

ಕಳೆದ ತಿಂಗಳು ಪಾಂಡವಪುರದಿಂದ ಕಿಕ್ಕೇರಿಯ ನೆಂಟರ ಮನೆಗೆ ಹೊರಟಿದ್ದೆ. ಬಸ್ಸು ಚಿನಕುರಳಿ ದಾಟಿದ ಮೇಲೆ ಕಿಟಕಿಯಿಂದ ಕಲ್ಲುಪುಡಿಯ ವಾಸನೆ ಬಂತು. ಒಣ ವಾಸನೆ, ಸುಟ್ಟ ವಾಸನೆ. ಗಂಟಲಿನ ಹಿಂದೆ ಹೋಗಿ ಕೂರುವಂಥದ್ದು. ಸೆರಗನ್ನು ಮೂಗಿಗೆ ಹಿಡಿದೆ. ಹಿಡಿದರೂ ಮೇಷ್ಟ್ರ ಆ ಹಂಚಿನ ಮನೆ, ಸ್ಲೇಟು, ಸ್ಲೇಟು ಒರೆಸುವ ಒದ್ದೆ ಬಟ್ಟೆ... ಎಲ್ಲವೂ ನೆನಪಿಗೆ ಬಂದವು.

ಒಂಬತ್ತನೆಯ ತರಗತಿಯಲ್ಲಿ ನನಗೆ ಘಾತಾಂಕಗಳು ತಲೆಗೆ ಹತ್ತಲಿಲ್ಲ. ‘ಸಂಕ್ಷೇಪಿಸಿ’ ಎಂದು ಕೊಟ್ಟ ಲೆಕ್ಕಗಳಲ್ಲೆಲ್ಲ ಕೂಡಬೇಕಾದ ಕಡೆ ಗುಣಿಸುತ್ತಿದ್ದೆ. ಗಣಿತದಲ್ಲಿ ಫೇಲಾದರೆ ಶಾಲೆ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೇಷ್ಟ್ರು ಕೆ.ಆರ್. ಪೇಟೆ ಕಡೆಯಿಂದ ನಮ್ಮ ಹೈಸ್ಕೂಲಿಗೆ ಬಂದವರು, ಒಂಟಿ. ಕ್ವಾರಿಯ ಮಗ್ಗುಲಲ್ಲಿದ್ದ ಮಣ್ಣಿನ ಗೋಡೆಯ ಮನೆಯಲ್ಲಿ ಬಾಡಿಗೆಗಿದ್ದರು. ಸಂಜೆ ನಮ್ಮಂಥ ಕೆಲವರನ್ನು ಅಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು.

“ಎಕ್ಸ್ ವರ್ಗ ಇಂಟು ಎಕ್ಸ್ ಘನ. ಏನ್ ಬಂತು?”

“ಎಕ್ಸ್ ಘಾತ ಆರು, ಸಾ.”

“ನಿಯಮ ಮರ್ತ್ಬುಡು. ಒಂದೊಂದೇ ಎಕ್ಸ್ ಬುಡ್ಸಿ ಬರಿ.” ಬರೆದೆ. ಎಣಿಸಿದರೆ ಐದೇ ಇದ್ದವು. “ಆರ್ನೇದು ಎಲ್ಲೋಯ್ತಮ್ಮಿ? ನಿಮ್ಮನೆ ಎಮ್ಮೆ ಮೇಯ್ತಾ?”

ಸೊನ್ನೆ ಘಾತವೆಂದರೆ ಸೊನ್ನೆಯೇ ಅಲ್ಲವೇ ಎಂದು ಕೇಳಿದ ದಿನ ಅವರು ಬಾಗಿಲಾಚೆಯ ಬಂಡೆಯನ್ನು ತೋರಿಸಿದರು. “ಅದ್ನ ಒಂದ್ಸಲ ಒಡುದ್ರೆ ಎರಡು ಚೂರು. ಆ ಎರಡ್ನೂ ಇನ್ನೊಂದ್ಸಲ ಒಡುದ್ರೆ ನಾಕು. ಒಂದ್ಸಲಾನೂ ಒಡೀದೆ ಬುಟ್ರೆ?”

“ಅಂಗೇ ಇರ್ತದೆ ಸಾ. ಒಂದು.”

“ಅಷ್ಟೇ ಕಣಮ್ಮಿ. ಒಡೀದೆ ಬುಟ್ರೆ ಬಂಡೆ ಮಾಯ ಆಗಾಕಿಲ್ಲ.”

ಅಂದಿನಿಂದ ನಾನು ಘಾತಾಂಕದಲ್ಲಿ ತಪ್ಪಿಲ್ಲ.

ಮದ್ದು ಸಿಡಿಸುವ ಮುನ್ನ ಕ್ವಾರಿಯವರು ಸೀಟಿ ಊದುವುದು ವಾಡಿಕೆ. ಸೀಟಿ ಕೇಳಿದೊಡನೆ ಹೆಂಗಸರು ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ, ಕೂಸುಗಳನ್ನು ಎತ್ತಿಕೊಂಡು ಹುಣಸೆಮರದ ಕೆಳಗೆ ಬರುತ್ತಿದ್ದರು. ಸಿಡಿದ ಮೇಲೆ ಒಳಗೆ ಹೋಗುತ್ತಿದ್ದರು. ಮೇಷ್ಟ್ರ ಗೋಡೆಯಲ್ಲಿ ಆಗಲೇ ಒಂದು ಬಿರುಕಿತ್ತು. ಅದರ ತುದಿಗೆ ಅವರು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಬಿರುಕು ಗೆರೆಯನ್ನು ದಾಟುತ್ತಿತ್ತು. ಮತ್ತೊಂದು ಗೆರೆ... ನಾವು ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದಾಗ ನಮ್ಮ ಬೆನ್ನ ಹಿಂದೆ ಅದು ಇಳಿಯುತ್ತಲೇ ಇತ್ತು.

ಮೇಷ್ಟ್ರು ಕ್ವಾರಿಯ ಯಜಮಾನರಲ್ಲಿಗೆ ಹೋದರು. ಅವರೇ ಊರಿನ ಯಜಮಾನರೂ ಆಗಿದ್ದರು. “ಎಕ್ಸು ವೈ ನಿಮ್ದು, ಕಲ್ಲು ನಮ್ದು ಮೇಷ್ಟ್ರೇ. ನಿಮ್ಪಾಡ್ಗೆ ಪಾಠ ಏಳ್ಕಂಡಿರಿ,” ಎಂದು ನಿಲ್ಲಿಸಿಯೇ ಕಳಿಸಿದರು. ಮೇಷ್ಟ್ರು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟರು. ಅಧಿಕಾರಿಯೊಬ್ಬರು ಬಂದು, ಮದ್ದು ಕಡಿಮೆ ಮಾಡಿರೆಂದು ಹೇಳಿ ಹೋದರು.

ಸುಳ್ಳು ಸೀಟಿ ಶುರುವಾದದ್ದು ಅದಾದ ಮೇಲೆ. ಸೀಟಿ ಊದುವುದು, ಮದ್ದು ಸಿಡಿಸದಿರುವುದು. ಪ್ರತಿ ಸಾರಿಯೂ ಮೇಷ್ಟ್ರು ನಮ್ಮನ್ನು ಹೊರಡಿಸಿಕೊಂಡು ಓಡಿ ಬರುತ್ತಿದ್ದರು. ಮರದ ಕಟ್ಟೆಯ ಮೇಲೆ ಯಜಮಾನರೂ ಅವರ ಸಂಗಡಿಗರೂ ಇದನ್ನು ನೋಡಲೆಂದೇ ಕೂತಿರುತ್ತಿದ್ದರು. “ಬಂದ್ರು ನೋಡ್ಲಾ, ಕೋಳಿಮರಿ ಕಟ್ಕಂಡು!” “ಮೇಷ್ಟ್ರೇ, ಪಂಚೆ ಬುಚ್ಕತ್ತದೆ, ನಿಧಾನ.” ನಗದವರು ಯಾರು? ಪಾತ್ರೆ ಇಳಿಸಿ ಸಾಕಾದ ಹೆಂಗಸರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಒಬ್ಬೊಬ್ಬರಾಗಿ ನೆನಪಿದೆ.

ಆ ಸಂಜೆಯೂ ಸೀಟಿ ಕೇಳಿತು. ಮೇಷ್ಟ್ರು ನಮ್ಮನ್ನು ಎಬ್ಬಿಸಿದರು, ತಾವು ಏಳಲಿಲ್ಲ.

“ನೀವ್ ಬರಾಕಿಲ್ವಾ ಸಾ?”

“ದಿನಾ ಅವ್ರನ್ನ ನಗಿಸ್ತಾ ಇರಕ್ಕಾಯ್ತದಾ? ನೀವ್ ಓಗಿ. ಮಕ್ಕಳನ್ನ ನೋಡಿ ಯಾರೂ ನಗಾಕಿಲ್ಲ.”

ನಾವು ಮರದ ಬಳಿ ಬಂದಾಗ ಕಟ್ಟೆಯ ಮೇಲೆ ನಗುವೇ ಇರಲಿಲ್ಲ. ಯಜಮಾನರು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು. ಅವರ ಪಕ್ಕದವರೂ ಹಾಗೆಯೇ. ಒಬ್ಬರು ಮಾತ್ರ ಬೆರಳು ತೆಗೆದು ಕೇಳಿದರು: “ಮೇಷ್ಟ್ರೆಲ್ಲಮ್ಮಿ?”

“ಒಳಗವ್ರೆ,” ಎಂದೆ.

ಅವರು ಯಜಮಾನರ ಮುಖ ನೋಡಿದರು. ಮತ್ತೆ ಬೆರಳನ್ನು ಕಿವಿಗೆ ಇಟ್ಟುಕೊಂಡರು.

ನೆಲ ಅದುರಿತು. ದೂಳು ಇಳಿದಾಗ ಆ ಕಡೆ ಗೋಡೆ ಇರಲಿಲ್ಲ...

ಮೇಷ್ಟ್ರ ಸೊಂಟ ಮುರಿದಿತ್ತು. ನಾಗಮಂಗಲದಿಂದ ಅವರ ಅಕ್ಕ ಬಂದು ತಮ್ಮನನ್ನು ಕರೆದುಕೊಂಡು ಹೋದರು. ನಾನು ಪಾಸಾದೆ, ಓದಿದೆ, ಕೆಲಸಕ್ಕೂ ಸೇರಿದೆ. ಒಮ್ಮೆ ನಾಗಮಂಗಲಕ್ಕೆ ಹೋಗಿ ನೋಡಿದಾಗ ಅವರು ಮಲಗಿದ್ದಲ್ಲಿಂದಲೇ ಕೇಳಿದ್ದು ಒಂದೇ ಮಾತು: “ಮಿಕ್ಕೋರೆಲ್ಲ ಪಾಸಾದ್ರಾ?” ಎದ್ದು ನಿಲ್ಲದೆಯೇ ಅವರು ತೀರಿಕೊಂಡರು. ನಮ್ಮೂರಿನಿಂದ ಮಣ್ಣಿಗೆ ಹೋದವಳು ನಾನೊಬ್ಬಳೇ.

ಕಳೆದ ತಿಂಗಳ ಆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದವರು ನಮ್ಮೂರಿನವರೇ. ಮೇಷ್ಟ್ರ ಮಾತು ತೆಗೆದೆ. “ಯಾರು, ಗೆದ್ದಲು ಗ್ವಾಡೆ ಬಿತ್ತಲ್ಲ, ಆ ಮೇಷ್ಟ್ರಾ?” ಎಂದರು. ಮನುಷ್ಯನೂ ಹೋದ, ಉಳಿದ ನೆನಪೂ ಆ ದೊಡ್ಡವರ ಸುಳ್ಳಿನದೇ ಆಯಿತು.

ಯಜಮಾನರು ಈಗಿಲ್ಲ. ಆದರೆ ಆ ಕಟ್ಟೆಯ ಮೇಲಿದ್ದವರಲ್ಲಿ ಕೆಲವರು ಇನ್ನೂ ಇದ್ದೀರಿ, ಇದನ್ನು ಓದುತ್ತೀರಿ. ಆ ದಿನದ ಸೀಟಿ ನಿಜವೆಂದು ಊರಿನಲ್ಲಿ ನಿಮಗೆ ಮಾತ್ರ ಗೊತ್ತಿತ್ತು. ನಾನು “ಒಳಗವ್ರೆ” ಎಂದಾಗ ನೀವು ಏಕೆ ಏಳಲಿಲ್ಲ?