ದೆವ್ವಕ್ಕೆ ಕೊಟ್ಟ ಮಾತು

ಇವತ್ತು ಸಂಜೆ ರಾಯದುರ್ಗದ ಟೆಂಟ್ ಸಿನಿಮಾದಲ್ಲಿ ನನ್ನ ಮರ್ಯಾದೆ ಹೋಯಿತು, ಗೆಳೆಯರೇ. ಪರದೆಯ ಮೇಲೆ ದೆವ್ವ ಬಾಗಿಲು ಬಡಿಯುತ್ತಿದ್ದಂತೆ ಹೆಂಗಸರ ಕಡೆಯಿಂದ ನಮ್ಮವ್ವ ಕೂಗಿದಳು: “ನಾಳಿ ಬಾ!” ದೆವ್ವ ತಿರುಗಿ ಹೋಗಲೆಂದು ನಮ್ಮ ಕಡೆ ಬಾಗಿಲ ಮೇಲೆ ಬರೆಯುವ ಮಾತು ಅದು. ಅದೇ ಹೊತ್ತಿಗೆ ರೀಲು ಮುಗಿದು ಪರದೆ ಖಾಲಿಯಾಯಿತು. ಟೆಂಟಿಗೆ ಟೆಂಟೇ ನಕ್ಕಿತು.

ನಾನು ವಿಜ್ಞಾನದ ಮೇಷ್ಟ್ರು, ಮನೆಯ ದಾರಿಯಲ್ಲಿ ವಿವರಿಸಿದೆ: “ಎದಿ ಹೆದರ್ತೈತಿ, ಆದ್ರ ಏನೂ ಆಗಂಗಿಲ್ಲ ಅಂತ ತಲಿಗೆ ಗೊತ್ತಿರ್ತೈತಿ. ಅದಕ್ಕ ಆ ಹೆದರಿಕಿನೂ ಖುಷಿ ಕೊಡ್ತೈತವ್ವಾ.”

ಅವ್ವ ಇನ್ನೂ ನನ್ನ ತೋಳು ಬಿಟ್ಟಿರಲಿಲ್ಲ. “ನಿನ್ನ ಎದಿ, ತಲಿ ಇರ್ಲಿ. ನಾಳಿನೂ ಟಿಕೀಟು ತಗಸು.”

“ಯಾಕವ್ವಾ?”

“ನಾಳಿ ಬಾ ಅಂತ ಕರದಾಕಿ ನಾನು. ಅದು ಬಂದಾಗ ನಾನೇ ಇರದಿದ್ರ ಹೆಂಗಪ್ಪಾ?”