ತಮ್ಮನ ಕಣ್ಣಿನ ಮದ್ದು

ಇವತ್ತು ಬೆಳಿಗ್ಗೆ ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿ ಬಾಟ್ಲಿಯ ಹಿಂದೆ, ಕಣ್ಣಿನ ಮದ್ದಿನ ಬೆರಳುದ್ದದ ಬಾಟ್ಲಿಯೊಂದು ಸಿಕ್ಕಿತು. ನನ್ನದಲ್ಲ. ನನ್ನ ಕಣ್ಣಿಗೆ ಮದ್ದು ಬೇಕಿಲ್ಲ, ಟಿ.ವಿ. ಧಾರಾವಾಹಿ ಶುರುವಾದರೆ ಸಾಕು, ತಾನಾಗಿ ಹರಿಯುತ್ತದೆ. ಇದು ತಮ್ಮ ರಘುವಿನದು. ಕಾರ್ಕಳದಿಂದ ಕಾಪುವಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೊಂದು ಬಾಟ್ಲಿ ಮರೆತು ಹೋಗುತ್ತಾನೆ. ನಾನು ಕನ್ನಡಕ ಹಾಕಿಕೊಂಡು ತಾರೀಕು ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದೆ, ಮುಚ್ಚಳ ತೆಗೆದು ಮೂಸಿದೆ. ಕಣ್ಣಿನ ಮದ್ದನ್ನು ಯಾರಾದರೂ ಮೂಸುತ್ತಾರೆಯೇ ಎಂದು ನಗಬೇಡಿ. ನಾನು ಎಲ್ಲವನ್ನೂ ಮೂಸುವವಳು.

ಹುಟ್ಟುಗುಣ ಅದು. ಬಂಗುಡೆಯ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಕಣ್ಣು ನೋಡದೆ ನಾನು ಮೀನು ಕೊಂಡದ್ದಿಲ್ಲ. "ಅಕ್ಕ, ನೀವು ಮೀನು ತಗೊಳ್ಳುವುದೋ, ಪೋಸ್ಟ್‌ಮಾರ್ಟಂ ಮಾಡುವುದೋ?" ಎಂದು ಮೀನಿನವಳು ಕೇಳುತ್ತಿದ್ದಳು. ನನ್ನ ಗಂಡನಂತೂ ಪಾಪ, ಅಂಬಲಪಾಡಿ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಂದೆ ಎಂದರೆ ಪ್ರಸಾದ ತೋರಿಸಬೇಕಿತ್ತು. ಸಂಶಯ ಪಿಶಾಚಿ ಎಂದು ಮನೆಯಲ್ಲಿ ಇಟ್ಟ ಹೆಸರು, ಸುಳ್ಳೆಂದು ನಾನು ಹೇಳುವುದಿಲ್ಲ.

ರಘು ಇದಕ್ಕೆ ತೀರಾ ವಿರುದ್ಧ. ಕಾರ್ಕಳದಲ್ಲಿ ಅವನಿಗೊಂದು ಫೋಟೋ ಸ್ಟುಡಿಯೋ. ಯಾರು ಎಂತ ಹೇಳಿದರೂ ನಂಬುವುದು. "ನಾಳೆ ಬರುತ್ತೇವೆ" ಎಂದು ಹೋದವರ ಮದುವೆ ಆಲ್ಬಂ ಅವನ ಕಪಾಟಿನಲ್ಲಿರುವಾಗಲೇ ಅವರ ಮಗುವಿನ ನಾಮಕರಣಕ್ಕೂ ಕ್ಯಾಮೆರಾ ಹಿಡಿದು ಹೊರಡುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಅವನಿಗೆ ಎಡಪಕ್ಕೆಯ ಕೆಳಗೆ ಏನೋ ಭಾರ, ಎರಡು ಮೆಟ್ಟಿಲು ಹತ್ತಿದರೆ ಸುಸ್ತು. ಗ್ಯಾಸ್ ಎಂದು ಯಾರೋ ಹೇಳಿದರು, ಅದನ್ನೂ ನಂಬಿದ. ನಾನೇ ಎಳೆದುಕೊಂಡು ಮಣಿಪಾಲಕ್ಕೆ ಹೋದೆ. ರಕ್ತದ ಕ್ಯಾನ್ಸರ್ ಎಂದರು.

ಬೇರೆಯವರ ಎಲುಬಿನೊಳಗಿನ ಮಜ್ಜೆ ಹಾಕಿದರೆ ಉಳಿಯಬಹುದು, ಒಡಹುಟ್ಟಿದವರದ್ದಾದರೆ ಒಳ್ಳೆಯದು, ಎಷ್ಟು ಜನ ಇದ್ದೀರಿ ಎಂದು ಡಾಕ್ಟರು ಕೇಳಿದರು. ನಮ್ಮ ಸೋದರಮಾವ ಎದೆಯುಬ್ಬಿಸಿ, "ಹನ್ನೊಂದು ಜನ ಉಂಟು ಡಾಕ್ಟ್ರೇ" ಎಂದರು. ಡಾಕ್ಟರ ಮುಖ ಅರಳಿತು. ಮರುವಾರ ಮಾವ ಒಂದು ವ್ಯಾನ್ ತುಂಬ ಜನರನ್ನು ತಂದು ಇಳಿಸಿದರು. ನಮ್ಮದು ಅಳಿಯಕಟ್ಟಿನ ಮನೆ ನೋಡಿ, ಲೆಕ್ಕವೆಲ್ಲ ತಾಯಿಯ ಕಡೆಯಿಂದ. ಅಮ್ಮನ ಅಕ್ಕತಂಗಿಯರ ಮಕ್ಕಳೂ ನಮಗೆ ಅಣ್ಣ, ತಂಗಿ ಅಷ್ಟೆ, ಬೇರೆ ಹೆಸರೇ ಇಲ್ಲ. ಡಾಕ್ಟರು ಒಬ್ಬೊಬ್ಬರ ತಂದೆಯ ಹೆಸರು ಕೇಳುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು, ಮಾವನ ಮುಖ ಕೆಂಪಾಯಿತು.

"ರಕ್ತ ಒಂದೇ, ತಾಯಿಯಿಂದ ಬಂದ ಬರಿ ಒಂದೇ. ಇದರಲ್ಲಿ ಅಪ್ಪಂದಿರನ್ನು ಎಂತಕ್ಕೆ ತರುವುದು ನೀವು?"

"ದೇಹದಲ್ಲಿ ಅಪ್ಪನ ಪಾಲೂ ಅರ್ಧ ಉಂಟಲ್ಲ," ಎಂದರು ಡಾಕ್ಟರು ಮೆಲ್ಲಗೆ. ಮಾವನಿಗೆ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಸೋಸಿ ಸೋಸಿ ಕೊನೆಗೆ ಉಳಿದವಳು ನಾನೊಬ್ಬಳು. ಪರೀಕ್ಷೆ ಮಾಡಿದರೆ ಪೂರ್ತಿ ಹೊಂದುತ್ತದಂತೆ! ನನಗೂ ಅವನಿಗೂ ಮೂಗು ಹೊಂದುವುದಿಲ್ಲ, ಬುದ್ಧಿ ಹೊಂದುವುದಿಲ್ಲ, ಒಳಗಿನದು ಹೇಗೆ ಹೊಂದುತ್ತದೆ? ರಕ್ತದ ಸೀಸೆ ಅದಲು ಬದಲಾಗಿರಬೇಕು, ಇನ್ನೊಮ್ಮೆ ನೋಡಿ ಎಂದೆ. ಹೇಗೂ ಇನ್ನೊಮ್ಮೆ ನೋಡುವ ಕ್ರಮ ಉಂಟು ಎಂದರು. ಎರಡನೆಯ ಸಲವೂ ಹೊಂದಿತು. ಮಜ್ಜೆ ಹಾಕುವ ಆಸ್ಪತ್ರೆ ಇದ್ದದ್ದು ಬೊಂಬಾಯಿಯಲ್ಲಿ, ಅಲ್ಲಿಗೆ ಹೋಗಿ ಕೊಟ್ಟು ಬಂದೆ. ರಘುವಿನ ತಲೆಕೂದಲು ಮತ್ತೆ ಬಂತು, ಸ್ಟುಡಿಯೋ ಬಾಗಿಲು ತೆರೆಯಿತು. ಮತ್ತೊಂದು ವರ್ಷ ಕಳೆಯುವಷ್ಟರಲ್ಲಿ ಹಾಳು ರೋಗವೂ ತಿರುಗಿ ಬಂತು.

ಈ ಸಲ ಮಣಿಪಾಲದ ಡಾಕ್ಟರು ಹೊಸದೊಂದು ಹೇಳಿದರು. ನನ್ನ ರಕ್ತದಿಂದ ಕಾವಲು ಕಾಯುವ ಬಿಳಿ ಕಣಗಳನ್ನು ಮಾತ್ರ ತೆಗೆದು ಅವನ ಮೈಗೆ ಬಿಡುವುದಂತೆ. ಮೊದಲ ಸಲ ಕೊಟ್ಟದ್ದು ಎಂತ ಆಯಿತು, ಈಗ ಮತ್ತೆ ಯಾಕೆ, ಇದು ನಮ್ಮ ಮೇಲೆ ಪ್ರಯೋಗವೋ ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ರೋಗದ ಕಣ ಅವರದ್ದೇ ಮೈಯಲ್ಲಿ ಹುಟ್ಟಿದ್ದು. ಮನೆಯವನೇ ಅಲ್ವಾ ಎಂದು ಅವರ ಕಾವಲಿನವರು ಬಿಟ್ಟುಬಿಟ್ಟಿದ್ದರು. ನಿಮ್ಮ ಕಣಗಳು ಹಾಗೆ ನಂಬುವುದಿಲ್ಲ, ಹುಡುಕಿ ಕೊಲ್ಲುತ್ತವೆ. ಮೊದಲ ಸಲ ಹೋದವು ಸಾಲಲಿಲ್ಲ, ಅದಕ್ಕೆ ಇನ್ನಷ್ಟು ಬೇಕು."

"ಅಕ್ಕನ ಕಣ ಅಲ್ವಾ ಡಾಕ್ಟ್ರೇ," ಎಂದು ರಘು ನಕ್ಕ, "ಸಂಶಯಪಡುವುದನ್ನು ಕಲಿಸಬೇಕಂತ ಇಲ್ಲ."

ಡಾಕ್ಟರೂ ನಕ್ಕರು, ಆಮೇಲೆ ನಗು ನಿಲ್ಲಿಸಿ ಉಳಿದದ್ದನ್ನೂ ಹೇಳಿದರು. ಆ ಕಣಗಳು ರೋಗವನ್ನು ಮಾತ್ರ ಸಂಶಯಿಸುತ್ತವೆ ಎಂದಿಲ್ಲ. ಅವನ ಚರ್ಮ, ಕರುಳು, ಲಿವರ್, ಕಣ್ಣು, ಯಾವುದನ್ನೂ ಹಿಡಿಯಬಹುದು. ಅದರಿಂದಲೇ ಜೀವ ಹೋಗುವುದೂ ಉಂಟು.

ಊರನ್ನೆಲ್ಲ ಸಂಶಯಿಸಿದವಳು ನಾನು, ನನ್ನನ್ನೇ ಸಂಶಯಿಸಬೇಕಾಗಿ ಬಂದದ್ದು ಅದೇ ಮೊದಲು. ಬಸ್‌ಸ್ಟಾಂಡಿನಲ್ಲಿ ಅವನ ಕೈ ಹಿಡಿದು, "ನನಗೆ ಧೈರ್ಯ ಇಲ್ಲ ಮಾರಾಯ. ನನ್ನದೇ ಕಣ ನಿನ್ನನ್ನು ತಿಂದರೆ?" ಎಂದೆ.

"ರೋಗ ತಿನ್ನುವುದಕ್ಕಿಂತ ನೀನು ತಿಂದರೆ ಅಡ್ಡಿಯಿಲ್ಲ," ಎಂದ. "ಸಣ್ಣದಿರುವಾಗ ನನ್ನ ಪಾಲಿನ ಹಲ್ವ ತಿಂದದ್ದು ಯಾರು?"

ಬೊಂಬಾಯಿಯಲ್ಲಿ ನನ್ನನ್ನು ಯಂತ್ರದ ಪಕ್ಕ ಮಲಗಿಸಿದರು. ಒಂದು ಕೈಯಿಂದ ರಕ್ತ ಹೋಗಿ ಇನ್ನೊಂದು ಕೈಗೆ ತಿರುಗಿ ಬರುತ್ತಿತ್ತು, ಬೇಕಾದದ್ದು ಮಾತ್ರ ಒಂದು ಚೀಲಕ್ಕೆ. ಬಿಳಿ ಕಣ ಎಂದಿದ್ದರು, ಚೀಲದಲ್ಲಿದ್ದದ್ದು ತೆಳು ಕೆಂಪು! ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವವಳು ನಾನು, ಇದು ಬೆಳ್ಳಗೂ ಇಲ್ಲವಲ್ಲ. ನಮ್ಮ ಪುಣ್ಯಕ್ಕೆ ಅಲ್ಲೊಬ್ಬಳು ನಮ್ಮೂರ ಹತ್ತಿರದ ಶಿರ್ವದ ಕ್ರಿಶ್ಚಿಯನ್ ಹುಡುಗಿ ನರ್ಸ್ ಆಗಿದ್ದಳು. "ಸ್ವಲ್ಪ ಕೆಂಪು ಕಣವೂ ಸೇರುತ್ತದೆ ಅಕ್ಕ. ನೋಡಿ, ಇಲ್ಲಿ ನಿಮ್ಮದೇ ಹೆಸರು ಉಂಟು," ಎಂದಳು. ಉಂಟು, ಸರಿ. ಆದರೂ ಅವಳು ಚೀಲ ಹಿಡಿದು ಹೊರಟಾಗ ತಲೆ ತಿರುಗುತ್ತಿದ್ದರೂ ಹಿಂದೆಯೇ ಹೋದೆ. ಅದು ರಘುವಿನ ಮೈಗೆ ಇಳಿಯುವವರೆಗೂ ಮಂಚದ ಹತ್ತಿರದಿಂದ ಕದಲಲಿಲ್ಲ.

ಆಮೇಲೆ ಕಾಯುವುದು. ಸಣ್ಣಗೆ ತುರಿಕೆ ಎದ್ದರೆ ಒಳ್ಳೆಯ ಲಕ್ಷಣವಂತೆ, ಕಣಗಳು ಎಚ್ಚರ ಇವೆ ಎಂದು ಅರ್ಥ. ನಾನು ದಿನಾ ಅವನ ಅಂಗೈಯನ್ನು ಬಂಗುಡೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಕೆಂಪು ಎದ್ದಿತು. ತುರಿಕೆ ಬಂತೆಂದು ವಾರ್ಡಿನಲ್ಲಿ ಪೇಡಾ ಹಂಚಿದವಳು ನಾನೊಬ್ಬಳೇ ಇರಬೇಕು. ಆದರೆ ನನ್ನ ಕಣಗಳಿಗೆ ಸಾಕು ಎನ್ನುವುದು ಗೊತ್ತುಂಟೇ? ಚರ್ಮ ಸುಲಿಯಿತು, ಬಾಯಿಯೆಲ್ಲ ಹುಣ್ಣಾಗಿ ಗಂಜಿಯ ತಿಳಿಯೂ ಇಳಿಯದಾಯಿತು, ಕಣ್ಣು ಅರಿಶಿನವಾಯಿತು. ಅವನು ನರಳಿದರೆ ನಾನೇ ಹೊಡೆದ ಹಾಗೆ ಆಗುತ್ತಿತ್ತು. ಬಿಡು, ಸಾಕು ಬಿಡು ಎಂದು ನನ್ನ ಮೈಗೇ ನಾನು ಬೈದುಕೊಂಡೆ. ಡಾಕ್ಟರುಗಳು ಮದ್ದು ಕೊಟ್ಟು ಕೊಟ್ಟು ಹೇಗೋ ಅವುಗಳನ್ನು ತಣ್ಣಗೆ ಮಾಡಿದರು. ಆಮೇಲಿನ ಪರೀಕ್ಷೆಯಲ್ಲಿ ರೋಗ ಕಾಣಿಸಲಿಲ್ಲ. ಮರುವರ್ಷವೂ ಇಲ್ಲ. ನಾನು ನಂಬಲಿಲ್ಲ, ಈಗಲೂ ಪ್ರತಿ ಸಲ ರಿಪೋರ್ಟ್ ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಒಂದು ಮಾತ್ರ ಸರಿಯಾಗಲಿಲ್ಲ. ಅವನ ಕಣ್ಣೀರು ಬತ್ತಿಹೋಯಿತು. ಕಣ್ಣಿನಲ್ಲಿ ಮರಳು ಬಿದ್ದ ಹಾಗಂತೆ, ಮದ್ದು ಹಾಕದೆ ಕ್ಯಾಮೆರಾಕ್ಕೆ ಕಣ್ಣಿಡಲಾಗುವುದಿಲ್ಲ. ಅದಕ್ಕೂ ಅವನದ್ದು ತಮಾಷೆಯೇ. "ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎನ್ನುತ್ತಿದ್ದೆ ಅಲ್ವಾ ಅಕ್ಕ? ಇನ್ನು ನನ್ನನ್ನು ನಂಬಬಹುದು."

ಕೆಲವು ವರ್ಷಗಳ ನಂತರ ಅಮ್ಮ ತೀರಿಕೊಂಡರು. ರಘು ಅವರ ಕಾಲ ಬಳಿ ನಿಂತಿದ್ದ. ಮುಖ ಹಿಂಡಿಹೋಗಿತ್ತು, ಕಣ್ಣು ಮಾತ್ರ ಒಣ ಒಣ. ಮಾವ ಪಕ್ಕದವರಿಗೆ, "ಹೆತ್ತ ತಾಯಿಗೆ ಒಂದು ಹನಿ ಇಲ್ಲ ನೋಡಿ," ಎಂದದ್ದು ನನ್ನ ಕಿವಿಗೆ ಬಿತ್ತು. ಹೆಣದ ಮುಂದೆ ಎಂಬುದನ್ನೂ ನೋಡದೆ ಕಿರುಚಿದೆ. "ಅವನದ್ದನ್ನೂ ಸೇರಿಸಿ ನಾನು ಅಳುತ್ತಾ ಇದ್ದೇನೆ, ನಿಮಗೆ ಕಾಣುವುದಿಲ್ಲವಾ?" ಮಾವ ತಲೆ ತಗ್ಗಿಸಿದರು. ರಘು ಬಂದು ನನ್ನ ಭುಜ ಹಿಡಿದುಕೊಂಡ.

ಇವತ್ತು ಮಧ್ಯಾಹ್ನ ಅವನು ಬಂದ. ಬಿಸಿಲಲ್ಲಿ ಬಸ್ಸಿಳಿದು ಬಂದವನ ಕಣ್ಣು ಕೆಂಪಗಿತ್ತು. ಬಾಟ್ಲಿ ಕೊಟ್ಟೆ.

"ತಾರೀಕು ನೋಡಿದೆಯಾ?" ಎಂದ.

"ನೋಡಿದ್ದೇನೆ."

ನನ್ನ ಮಾತು ನಂಬದೆ ಅವನು ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ, ಅಲ್ಲಾಡಿಸಿದ. ಆಮೇಲೆ ಮುಚ್ಚಳ ತಿರುಗಿಸಿ, ಮೂಗಿನ ಹತ್ತಿರ ತಂದು ಮೂಸಿದ. ನನ್ನ ರಘು! ಗ್ಯಾಸ್ ಎಂದರೂ ನಂಬಿದವನು. ರಕ್ತದ ಜೊತೆ ಇಂಥದ್ದೆಲ್ಲ ಬರುವುದಿಲ್ಲ ಎಂದು ಡಾಕ್ಟರು ನಗುತ್ತಾರೆ, ನನಗೂ ಗೊತ್ತು. ಆದರೂ ಇಷ್ಟು ವರ್ಷ ಯಾವ ರಿಪೋರ್ಟೂ ಕೊಡದ ನಂಬಿಕೆ ಆ ಒಂದು ಗಳಿಗೆಯಲ್ಲಿ ನನಗೆ ಬಂತು. ನನ್ನ ಕಣಗಳು ಇನ್ನೂ ಅವನೊಳಗೆ ಎಚ್ಚರ ಇವೆ.

"ಎಂತ ಅಕ್ಕ, ಅಳುವುದು ಯಾಕೆ?"

"ಎಂತ ಇಲ್ಲ. ಮೂಸಿ ಆಯಿತಲ್ಲ, ತಲೆ ಎತ್ತು, ಮದ್ದು ಹಾಕುತ್ತೇನೆ."