ಮುದ್ದಣ್ಣ ಹೇಳಿದ ದಿಕ್ಕು

ಔರಂಗಾಬಾದಿನಲ್ಲಿ ಅಕ್ಕನ ಗಂಡನ ಶಾಕಾಹಾರಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಮುದ್ದಣ್ಣ ಒಂದು ಕಾಲಕ್ಕೆ ಮಲ್ಪೆಯ ತಾಂಡೇಲ. ದೋಣಿಗೆ ಅವನೇ ಯಜಮಾನ. ನೀರಿನ ಬಣ್ಣ ನೋಡಿ ಬೂತಾಯಿ ಮೀನಿನ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದ. ಬಲೆಯ ಹಗ್ಗಕ್ಕೆ ಸಿಕ್ಕಿ ಮೊಣಕಾಲು ಮುರಿದ ಮೇಲೆ ಇಲ್ಲಿಗೆ ಬಂದ. ಕಾಲು ಹೋಯಿತೇ ಹೊರತು ಗತ್ತು ಹೋಗಲಿಲ್ಲ. ತಮ್ಮ ಜಯಕರ ಈಗಲೂ ಬಂದರಿನಿಂದ ಫೋನು ಮಾಡಿ, “ಅಣ್ಣ, ಇವತ್ತು ಎಲ್ಲಿಗೆ ಹೋಗುದು?” ಎಂದು ಕೇಳದೆ ದೋಣಿ ಬಿಡುತ್ತಿರಲಿಲ್ಲ. ಸಾವಿರ ಕಿಲೋಮೀಟರ್ ಆಚೆ, ಕೈಯಲ್ಲಿ ಸಟ್ಟುಗ ಹಿಡಿದು ಸಮುದ್ರ ಆಳುವ ಗಂಡಸು! ಹಿರಿಯ ಹೇಳಿದ ದಿಕ್ಕನ್ನು ಮೀರುವುದು ಆ ಮನೆಯಲ್ಲಿ ದೊಡ್ಡ ಅವಮಾನ.

2015ರ ಮಳೆಗಾಲ ಮುಗಿದರೂ ಬೂತಾಯಿ ದಡದ ಕಡೆ ತಲೆ ಹಾಕಲಿಲ್ಲ. ಅಣ್ಣ ಹೇಳಿದಲ್ಲೆಲ್ಲ ಬಲೆ ಬಿಟ್ಟು ಜಯಕರ ಎರಡು ವಾರ ಬರಿಗೈಯಲ್ಲಿ ಬಂದ.

ಅಲ್ಲಿನ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಮಗಳು ಪೂಜಿತಾ ಮರಾಠಿ ಬೆರೆಸಿ ಮೆಲ್ಲಗೆ ಹೇಳಿದಳು: “ಅಪ್ಪ, ಸಮುದ್ರ ನಮ್ಮ ಹೊಗೆ ಕುಡಿದು ಕುಡಿದು ಆಸಿಡ್ ಆಗ್ತಾ ಉಂಟಂತೆ. ಮೀನಿಗೆ ವಾಸನೆ ಸಿಗದೆ ದಾರಿ ತಪ್ಪಬಹುದು ಅಂತ ಮ್ಯಾಡಮ್ ಹೇಳಿದ್ರು. ಖರಂಚ, ನಿಜವಾಗ್ಲೂ. ನೀರು ಬಿಸಿಯಾದದ್ದೂ ಇರಬಹುದಂತೆ. ‘ಮೀನು ಎಲ್ಲಿದೆ ಅಂತ ನಂಗೆ ಗೊತ್ತಾಗುದಿಲ್ಲ’ ಅಂತ ಚಿಕ್ಕಪ್ಪನಿಗೆ ಹೇಳಿಬಿಡಿ ಅಪ್ಪ.”

ಮುದ್ದಣ್ಣನಿಗೆ ಮೈಯೆಲ್ಲ ಉರಿಯಿತು. “ಅಜ್ಜನ ಕಾಲದ ದಾರಿಯನ್ನು ಬೂತಾಯಿ ಮರೀತದಾ? ನಿನ್ನ ಮ್ಯಾಡಮ್ ಸಮುದ್ರ ಕಂಡಿದ್ದಾರಾ?”

ಮರುದಿನ ಬೆಳಿಗ್ಗೆ ಜಯಕರನ ಸ್ವರದಲ್ಲಿ ಅಳುಕಿತ್ತು. “ಅಣ್ಣ, ಗಾಳಿ ಸರಿ ಇಲ್ಲ ಅಂತ ಎಲ್ಲರೂ ದೋಣಿ ಕಟ್ಟಿದ್ದಾರೆ. ಎಂತ ಮಾಡುದು?”

‘ಬೇಡ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳು ಎದುರಿಗೇ ನಿಂತಿದ್ದಳು. ಮುದ್ದಣ್ಣ ಅದನ್ನು ನುಂಗಿಕೊಂಡ.

“ಕಾಪು ದೀಪಸ್ತಂಭ ದಾಟಿ ಪಡುವಣಕ್ಕೆ, ಆಳಕ್ಕೆ ಹೋಗು. ಮೀನು ಅಲ್ಲೇ ಇರುದು. ಗಾಳಿಗೆ ಹೆದರುವವನಾ ನೀನು?”

ಮಧ್ಯಾಹ್ನ ದೋಣಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ಬದುಕಿದರು, ಜಯಕರ ಸಿಗಲಿಲ್ಲ. ಬಲೆಯಲ್ಲಿ ಒಂದು ಮೀನೂ ಇರಲಿಲ್ಲವೆಂದು ಬದುಕಿದವರು ಹೇಳಿದರು. ತನ್ನ ಹಟವೇ ತಮ್ಮನನ್ನು ಕೊಂದಿತೆಂದು ಮುದ್ದಣ್ಣ ಕಾವಲಿಯ ಪಕ್ಕದಲ್ಲೇ ಕುಸಿದು ಅತ್ತ.

ಮರುದಿನ ಊರಿಗೆ ಹೊರಟ ಬಸ್ಸಿನಲ್ಲಿದ್ದಾಗ ಜಯಕರನ ಹೆಂಡತಿ ಕುಸುಮಾವತಿಯ ಫೋನು ಬಂತು. ಅವನು ಬೈಗುಳಕ್ಕೆ ತಯಾರಾಗಿದ್ದ. ಬೈದಿದ್ದರೆ ಎಷ್ಟೋ ಸುಖವಿತ್ತು.

“ಬಾವ, ಅವರನ್ನು ಹುಡುಕಲಿಕ್ಕೆ ದೋಣಿ ತಯಾರುಂಟು. ನಿಮ್ಮನ್ನು ಕೇಳದೆ ಬಿಡುದು ಬೇಡ ಅಂತ ನಾನೇ ನಿಲ್ಲಿಸಿದ್ದೇನೆ. ಯಾವ ಕಡೆಗೆ ಹೋಗುದು? ಬೇಗ ಹೇಳಿ, ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ.”